ಅಂಗಾಲ ಹುಣ್ಣಿಗೆ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಕೇಳುವ ಗಾದೆ ಅಂಗಾಲಿನ ವಿಷಯಕ್ಕೆ ಬಂದರೆ ಕೈಕೊಡುತ್ತದೆ. ಹತ್ತು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನರ ಪಾದಗಳಲ್ಲಿ ಸ್ಪರ್ಶಜ್ಞಾನ ಮಂದವಾಗಿರುತ್ತದೆ. ಚಪ್ಪಲಿಯೊಳಗೆ ಸೇರಿದ ಸಣ್ಣ ಕಲ್ಲು, ಬಿಸಿಲಿಗೆ ಕಾದ ದೇವಸ್ಥಾನದ ಚಪ್ಪಡಿ, ಹೊಸ ಬೂಟಿನ ಹೊಲಿಗೆ, ಯಾವುದೂ ಅವರಿಗೆ ಗೊತ್ತಾಗುವುದಿಲ್ಲ. ನೋವಿಲ್ಲದ ಹುಣ್ಣು ಕಣ್ಣಿಗೆ ಬೀಳದ ಜಾಗದಲ್ಲಿ ಬೆಳೆಯುತ್ತದೆ. ಕಾಲ್ಚೀಲಕ್ಕೆ ಅಂಟಿದ ಕಲೆಯೋ ಒಂದು ಬಗೆಯ ವಾಸನೆಯೋ ಅದನ್ನು ಹೊರಗೆಡಹುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ದಿನಾ ರಾತ್ರಿ ಪಾದದ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಆಮೇಲಿನ ಕಥೆ ಪುಣೆಯಲ್ಲಾದರೂ ಹೈದರಾಬಾದಿನಲ್ಲಾದರೂ ಹೆಚ್ಚು ಕಡಿಮೆ ಒಂದೇ. ನಿವೃತ್ತಿಯಾಗಿ ಮಗನ ಮನೆಗೆ ಬಂದ ಅಪ್ಪ. ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಹುಣ್ಣು. ಮಗ ರಾತ್ರಿಯೆಲ್ಲ ಮೊಬೈಲಿನಲ್ಲಿ ಓದುತ್ತಾನೆ, ನ್ಯಾನೋ ಸಿಲ್ವರ್ ಡ್ರೆಸ್ಸಿಂಗ್ ಎಂಬ ಹೆಸರು ಸಿಗುತ್ತದೆ, ಮಾರನೆಯ ದಿನ ಔಷಧದಂಗಡಿಯಿಂದ ತರಿಸುತ್ತಾನೆ. ಮಾಮೂಲಿ ಗಾಜ್ ಬಟ್ಟೆಗಿಂತ ಹಲವು ಪಟ್ಟು ದುಬಾರಿ, ಆದರೆ ಅಪ್ಪನ ಕಾಲಿನ ಮುಂದೆ ದುಡ್ಡೇನು? ಪಟ್ಟಿ ಕಟ್ಟಿಸಿಕೊಂಡ ಅಪ್ಪ ಎದ್ದು ಬಚ್ಚಲಿಗೆ ಹೋಗುತ್ತಾರೆ, ಬರಿಗಾಲಲ್ಲಿ ದೇವರ ಮನೆಗೆ, ಬಾಲ್ಕನಿಗೆ, ಸಂಜೆ ಕೆಳಗಿನ ಪಾರ್ಕಿಗೆ. ಹುಣ್ಣಿನ ಮೇಲೆ ಇಡೀ ದೇಹದ ಭಾರ ದಿನಕ್ಕೆ ಸಾವಿರಾರು ಸಲ ಬೀಳುತ್ತದೆ. ಬೆಳ್ಳಿಯ ಲೆಕ್ಕ ಎಲ್ಲರಿಗೂ ಗೊತ್ತು, ಹೆಜ್ಜೆಯ ಲೆಕ್ಕ ಯಾರಿಗೂ ಗೊತ್ತಿಲ್ಲ.

ಇದು ನ್ಯಾನೋ ವಸ್ತುಗಳ ಮೇಲಿನ ದೂರಲ್ಲ. ಅವುಗಳ ಹಿಂದಿರುವ ವಿಚಾರ ಗಟ್ಟಿಯಾದದ್ದೇ. ನ್ಯಾನೋ ಎಂದರೆ ಗ್ರೀಕಿನಲ್ಲಿ ಕುಬ್ಜ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಘನವನ್ನು ತೆಗೆದುಕೊಳ್ಳಿ. ತೂಕ ಹತ್ತೂವರೆ ಗ್ರಾಂ, ಅದರ ಆರೂ ಮುಖ ಸೇರಿದರೆ ಆರು ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ. ಬೆಳ್ಳಿ ಅಷ್ಟೇ, ತೆರೆದುಕೊಂಡ ಮೈ ಮಾತ್ರ ಕೋಟಿ ಪಟ್ಟು. ಒದ್ದೆಯಾದಾಗ ಆ ಮೈಯಿಂದ ಬೆಳ್ಳಿಯ ಅಯಾನುಗಳು ನಿಧಾನವಾಗಿ ಬಿಡುಗಡೆಯಾಗುತ್ತವೆ, ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕದ ತುದಿಗಳಿಗೆ ಅಂಟಿಕೊಳ್ಳುತ್ತವೆ, ಅದರ ಪೊರೆಯನ್ನು ಕೆಡಿಸುತ್ತವೆ.

ಬೆಳ್ಳಿಯ ಮೇಲೆ ನಂಬಿಕೆ ಹುಟ್ಟುವುದು ಸುಲಭ. ಕೂಸಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸಿದ ಜನಕ್ಕೆ ಬೆಳ್ಳಿ ಒಳ್ಳೆಯದು ಎಂದು ಯಾರೂ ಹೇಳಿಕೊಡಬೇಕಿಲ್ಲ. ವೈದ್ಯಶಾಸ್ತ್ರದಲ್ಲೂ ಅದರ ಹಾದಿ ಹಳೆಯದು. 1880ರ ದಶಕದಲ್ಲಿ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕುರುಡುತನ ತಪ್ಪಿಸಿದ. 1960ರ ದಶಕದಲ್ಲಿ ಸುಟ್ಟ ಗಾಯಗಳಿಗೆ ಸಿಲ್ವರ್ ಸಲ್ಫಾಡೈಯಜಿನ್ ಎಂಬ ಬಿಳಿ ಮುಲಾಮು ಬಂತು, ಇವತ್ತಿಗೂ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಸಿಗುತ್ತದೆ. 1990ರ ದಶಕದ ಕೊನೆಗೆ ಕೆನಡಾದಲ್ಲಿ ರಾಬರ್ಟ್ ಬರೆಲ್ ಅವರ ಕೆಲಸದಿಂದ ನ್ಯಾನೋ ಹರಳುಗಳ ಬೆಳ್ಳಿ ಲೇಪಿಸಿದ ಆ್ಯಕ್ಟಿಕೋಟ್ ಪಟ್ಟಿ ಮಾರುಕಟ್ಟೆಗೆ ಬಂತು.

ಹಾಗಾದರೆ ತಕರಾರು ಎಲ್ಲಿ? ಬ್ಯಾಕ್ಟೀರಿಯಾ ಕೊಲ್ಲುವುದು ಮತ್ತು ಗಾಯ ಮಾಯುವುದು ಒಂದೇ ಎಂದು ಜಾಹೀರಾತು ಸದ್ದಿಲ್ಲದೆ ಬೆಸೆದುಬಿಡುವಲ್ಲಿ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ ಕಾಲಿನ ಸಿರೆಗಳ ತೊಂದರೆಯಿಂದಾದ ಹುಣ್ಣಿದ್ದ 213 ಜನರಲ್ಲಿ ಬೆಳ್ಳಿಯ ಪಟ್ಟಿಯನ್ನೂ ಬೆಳ್ಳಿಯಿಲ್ಲದ ಪಟ್ಟಿಯನ್ನೂ ಹೋಲಿಸಿದ ವಲ್ಕನ್ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ಕೊನೆಗೆ ವಾಸಿಯಾದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ, ಖರ್ಚಿನಲ್ಲಿ ಇತ್ತು. ಮರುವರ್ಷ ಕಾಕ್ರೇನ್ ಸಂಸ್ಥೆ 26 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಬೆಳ್ಳಿಯ ಪಟ್ಟಿ ಅಥವಾ ಮುಲಾಮು ಸೋಂಕು ತಡೆಯುತ್ತದೆ, ಗಾಯ ಬೇಗ ಮಾಯಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಮಧುಮೇಹಿಗಳ ಪಾದದ ಬಗ್ಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ತಜ್ಞರ ತಂಡ 2023ರಲ್ಲಿ ಇನ್ನೂ ನೇರವಾಗಿ ಹೇಳಿತು: ಹುಣ್ಣು ವಾಸಿಯಾಗಲೆಂದು ಕ್ರಿಮಿನಾಶಕ ಲೇಪದ ಪಟ್ಟಿಗಳನ್ನು ಬಳಸಬೇಡಿ. ಈ ಮೂರರಲ್ಲಿ ಒಂದಾದರೂ ಔಷಧದಂಗಡಿಯ ಗಲ್ಲಾದವರೆಗೆ ಬಂದಂತೆ ಕಾಣುವುದಿಲ್ಲ.

ಪ್ರಯೋಗಾಲಯದ ಸುದ್ದಿಗಳ ವಿಷಯ ಬೇರೆ. ಸತುವಿನ ಆಕ್ಸೈಡ್ ಕಣಗಳು, ಸೀರಿಯಂ ಕಣಗಳು, ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್, ವಿದ್ಯುತ್ತಿನ ಬಲದಿಂದ ಎಳೆದ ಜೇಡರ ಬಲೆಗಿಂತ ಸಣ್ಣ ನೂಲಿನ ಜಾಲ ಹೀಗೆ ವಾರಕ್ಕೊಂದು ಹೊಸದು. ಅವುಗಳಲ್ಲಿ ಬಹುಪಾಲು ಇಲಿಗಳ ಬೆನ್ನಿನ ಮೇಲೆ ಗೆದ್ದು ಬಂದವು. ಆದರೆ ಇಲಿಯ ಚರ್ಮದಡಿ ತೆಳುವಾದ ಸ್ನಾಯುವಿನ ಪದರ ಒಂದಿದೆ. ಗಾಯವಾದರೆ ಅದು ಸುರುಟಿಕೊಂಡು ಅಂಚುಗಳನ್ನು ಚೀಲದ ಬಾಯಿಯಂತೆ ಎಳೆದುಕೊಳ್ಳುತ್ತದೆ. ಮನುಷ್ಯರ ಗಾಯ ಮುಖ್ಯವಾಗಿ ಕೆಳಗಿನಿಂದ ಹೊಸ ಮಾಂಸ ತುಂಬಿ, ಅಂಚಿನಿಂದ ಚರ್ಮ ತೆವಳಿ ಬಂದು ಮುಚ್ಚಬೇಕು. ಇದನ್ನು ತಪ್ಪಿಸಲು ಗಾಯದ ಸುತ್ತ ಉಂಗುರ ಹೊಲಿಯುವ ಉಪಾಯ ಸಂಶೋಧಕರಿಗೆ ಗೊತ್ತು, ಎಲ್ಲರೂ ಮಾಡುವುದಿಲ್ಲ. ಮಾಡಿದರೂ, ಕೆಲವೇ ವಾರಗಳ ಹಿಂದೆ ಸಕ್ಕರೆ ಕಾಯಿಲೆ ಬರಿಸಿದ ಎಳೆಯ ಇಲಿ ಅರವತ್ತೈದರ ನಿವೃತ್ತ ಗುಮಾಸ್ತರಿಗೆ ಸಮನಲ್ಲ. ಅದು ತನ್ನ ಹುಣ್ಣಿನ ಮೇಲೆ ನಡೆಯುವುದಿಲ್ಲ. ಹುಣ್ಣು ಅದರ ಬೆನ್ನ ಮೇಲಿದೆ.

ಇಲ್ಲಿ ಕನ್ನಡದ ಒಂದು ಕ್ರಿಯಾಪದ ಕೆಲಸಕ್ಕೆ ಬರುತ್ತದೆ. ಗಾಯ ಮಾಯುತ್ತದೆ. ಮಾಯುವುದು ಗಾಯದ್ದೇ ಕೆಲಸ, ಹಣ್ಣು ಮಾಗುವ ಹಾಗೆ. ಮಾಯಿಸು ಎಂಬ ರೂಪ ಸಿಕ್ಕರೂ ಆಡುಮಾತಿನಲ್ಲಿ ಅಪರೂಪ. ಡಾಕ್ಟರು ಗಾಯ ಮಾಯಿಸಿದರು ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. ಇಂಗ್ಲಿಷಿನ ಔಷಧ ಪತ್ರಿಕೆಗಳನ್ನು ಕನ್ನಡಕ್ಕೆ ತರುವವರು ಪಟ್ಟಿಯನ್ನು ಕರ್ತೃಸ್ಥಾನದಲ್ಲಿ ಕೂರಿಸಿ ‘ಗಾಯವನ್ನು ಗುಣಪಡಿಸುತ್ತದೆ’ ಎಂದು ಬರೆದಾಗ ವಾಕ್ಯ ಸರಿಯಾಗಿಯೇ ಇರುತ್ತದೆ, ಶರೀರಶಾಸ್ತ್ರ ತಪ್ಪಿರುತ್ತದೆ. ರಕ್ತ ಹೆಪ್ಪುಗಟ್ಟುವುದು, ಉರಿಯೂತ, ಹೊಸ ಅಂಗಾಂಶ, ಕೊನೆಗೆ ಕಲೆ ಗಟ್ಟಿಯಾಗುವುದು, ಇವೆಲ್ಲ ದೇಹ ತಾನೇ ಮಾಡಿಕೊಳ್ಳುವ ಕೆಲಸ. ಹಳೆಯ ಹುಣ್ಣು ಎರಡನೆಯ ಹಂತದಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಏನು ಅಡ್ಡ ಬಂದಿದೆ ಎಂದು ಹುಡುಕಿ ತೆಗೆಯಬೇಕು. ರಕ್ತ ಬರುತ್ತಿಲ್ಲವೇ? ಸತ್ತ ಮಾಂಸ ಉಳಿದಿದೆಯೇ? ಸೋಂಕು ಎಲುಬಿಗೆ ಇಳಿದಿದೆಯೇ? ಸಕ್ಕರೆ ಏರಿದೆಯೇ? ಅಥವಾ, ಅಂಗಾಲಿನ ಹುಣ್ಣುಗಳಲ್ಲಿ ಪದೇ ಪದೇ ಕಾಣುವಂತೆ, ಮನುಷ್ಯ ಅದನ್ನು ತುಳಿಯುತ್ತಲೇ ಇದ್ದಾನೆಯೇ? ಸುಶ್ರುತ ಸಂಹಿತೆ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಅರವತ್ತೂ ಇಂದು ಒಪ್ಪುವಂಥವಲ್ಲ, ಆದರೆ ಒಂದೇ ಲೇಪದಿಂದ ಮುಗಿಯುವ ಕೆಲಸ ಇದಲ್ಲ ಎಂಬಷ್ಟು ತಿಳಿವಳಿಕೆ ಆ ಎಣಿಕೆಯಲ್ಲೇ ಇದೆ.

ತುಳಿಯುವ ಹುಣ್ಣಿನ ಬಗ್ಗೆ ಜಗತ್ತಿಗೆ ಪಾಠ ಸಿಕ್ಕ ಜಾಗಗಳಲ್ಲಿ ಒಂದು ಚೆನ್ನೈಯಿಂದ ಮೂರು ಗಂಟೆಯ ದಾರಿ. ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆ ಎಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ನರ ಸತ್ತ ಕೈಕಾಲಿಗೆ ನೋವು ತಿಳಿಯದ ಕಾರಣ ದಿನದಿನದ ಪೆಟ್ಟು, ಸುಟ್ಟಗಾಯ, ಒತ್ತಡಗಳಿಂದ ಅವು ಹಾಳಾಗುತ್ತಿವೆ ಎಂದು ಬ್ರಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ರಾತ್ರಿ ಮಲಗಿದಾಗ ಕೆಲವರ ಬೆರಳನ್ನು ಇಲಿ ಕಡಿಯುತ್ತಿದ್ದವು, ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಸಿಕ್ಕ ಚಿಕಿತ್ಸೆ ಬೆಕ್ಕು. ಮನೆಗೆ ಹೋಗುವವರು ಒಂದು ಬೆಕ್ಕನ್ನು ಜೊತೆಗೊಯ್ಯಬೇಕೆಂಬ ಏರ್ಪಾಡಾಯಿತು. ಅಂಗಾಲ ಹುಣ್ಣಿಗೆ ಪ್ಲಾಸ್ಟರ್. ಪಾದದಿಂದ ಮೊಣಕಾಲ ಕೆಳಗಿನವರೆಗೆ ಮೈಗಂಟುವಂತೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದರೆ ಭಾರ ಹುಣ್ಣಿನಿಂದ ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗುತ್ತದೆ, ಮನುಷ್ಯ ನಡೆಯಲೂಬಹುದು. ಬ್ರಾಂಡ್ ಮುಂದೆ ಅಮೆರಿಕದ ಕಾರ್ವಿಲ್‌ನ ಕುಷ್ಠಾಲಯಕ್ಕೆ ಹೋದಾಗ ಈ ತಿಳಿವಳಿಕೆಯೂ ಜೊತೆಗೆ ಹೋಯಿತು, ಅಲ್ಲಿಂದ ಮಧುಮೇಹಿಗಳ ಕಾಲಿಗೆ ದಾಟಿತು.

2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷೆಗೆ ಹಚ್ಚಿದರು. ಹನ್ನೆರಡು ವಾರಗಳಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಶೇ. 90ರಷ್ಟು ಜನರ ಹುಣ್ಣು ಮುಚ್ಚಿತು. ಬೇಕಾದಾಗ ಬಿಚ್ಚಿಡಬಹುದಾದ ಬೂಟು ಹಾಕಿದವರಲ್ಲಿ ಶೇ. 65, ಅರ್ಧ ಚಪ್ಪಲಿಯವರಲ್ಲಿ ಶೇ. 58. ಬೂಟು ಯಾಕೆ ಸೋತಿತು ಎಂಬುದಕ್ಕೆ ಎರಡು ವರ್ಷಗಳ ನಂತರದ ಇನ್ನೊಂದು ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ರೋಗಿಯ ಮೈಗೊಂದು, ಬೂಟಿಗೊಂದು ಹೆಜ್ಜೆ ಎಣಿಸುವ ಯಂತ್ರ ಕಟ್ಟಿದರು. ದಿನದ ಓಡಾಟದ ಶೇ. 28ರಷ್ಟು ಹೊತ್ತು ಮಾತ್ರ ಬೂಟು ಕಾಲಲ್ಲಿತ್ತು. ಹೊರಗೆ ಹೋಗುವಾಗ ಹಾಕಿಕೊಂಡವರು ಮನೆಯೊಳಗೆ ತೆಗೆದಿಡುತ್ತಿದ್ದರು. ಅದು ಅಮೆರಿಕ. ಚಪ್ಪಲಿ ಹೊಸ್ತಿಲಾಚೆ ಬಿಡುವ ಮನೆಗಳಲ್ಲಿ ಈ ಅಂಕಿ ಎಷ್ಟಿದ್ದೀತು ಎಂದು ಊಹಿಸಲು ಯಂತ್ರ ಬೇಡ. 2005ರಲ್ಲಿ ಇನ್ನೊಂದು ತಂಡ ಅದೇ ಬೂಟಿನ ಮೇಲೆ ಬಿಚ್ಚಲಾಗದಂತೆ ಪ್ಲಾಸ್ಟರಿನಂಥ ಪಟ್ಟಿ ಸುತ್ತಿ ನೋಡಿತು. ಫಲಿತಾಂಶ ನಿಜವಾದ ಪ್ಲಾಸ್ಟರಿನಷ್ಟೇ ಬಂತು.

ಬೆಳ್ಳಿಯ ಯಾವ ಪಟ್ಟಿಯ ಹಿಂದೆಯೂ ಇಂಥ ಅಂಕಿಗಳಿಲ್ಲ. ಆದರೂ ಹುಣ್ಣು ಹೊತ್ತು ಬಂದ ಎಷ್ಟು ಜನರಿಗೆ ಪ್ಲಾಸ್ಟರಿನ ಮಾತು ಕಿವಿಗೆ ಬೀಳುತ್ತದೆ? ಪ್ಲಾಸ್ಟರ್ ಎಂದರೆ ಮೂಳೆ ಮುರಿದವರಿಗೆ ಎಂದೇ ಜನ ತಿಳಿದಿದ್ದಾರೆ. ಪಟ್ಟಿಗೆ ಪೆಟ್ಟಿಗೆಯಿದೆ, ಬೆಲೆಯ ಚೀಟಿಯಿದೆ, ಊರೂರು ತಿರುಗಿ ಅದನ್ನು ಪರಿಚಯಿಸುವ ಪ್ರತಿನಿಧಿಯಿದ್ದಾನೆ. ಸುಣ್ಣದಂಥ ಪುಡಿಗೂ ಅದನ್ನು ಹದವಾಗಿ ಹಾಕಲು ಕಲಿತ ಕೈಗೂ ಪ್ರತಿನಿಧಿ ಯಾರು?

ಪ್ಲಾಸ್ಟರಿನ ತೊಂದರೆಗಳನ್ನು ಮುಚ್ಚಿಡುವುದೂ ತರವಲ್ಲ. ರಕ್ತದ ಹರಿವು ತೀರಾ ಕಡಿಮೆಯಿದ್ದರೆ, ಸೋಂಕು ಜೋರಾಗಿದ್ದರೆ ಅದನ್ನು ಹಾಕುವಂತಿಲ್ಲ. ಒರಟಾಗಿ ಹಾಕಿದರೆ ಅದೇ ಹೊಸ ಹುಣ್ಣು ಮಾಡುತ್ತದೆ. ಮುಂಬೈಯ ಮೇ ತಿಂಗಳಲ್ಲಿ ಒಳಗೆ ಬೆವರು. ಲೋಕಲ್ ರೈಲು ಹತ್ತುವುದು ಹೇಗೆ, ನೆಲದ ಪಾಯಿಖಾನೆಯಲ್ಲಿ ಕೂರುವುದು ಹೇಗೆ, ನಿಂತೇ ದುಡಿಯಬೇಕಾದ ಹೋಟೆಲಿನ ಮಾಣಿ ಎರಡು ತಿಂಗಳು ಏನು ಮಾಡಬೇಕು? ಇವು ಹಗುರ ಪ್ರಶ್ನೆಗಳಲ್ಲ. ಆದರೆ ಬುದ್ಧಿವಂತರ ತಲೆ ಓಡಬೇಕಾದದ್ದು ಇಂಥ ಕಡೆಗೇ. ಗಾಳಿಯಾಡುವ, ಅಗ್ಗದ, ಬಿಚ್ಚಲಾಗದ, ಕುಕ್ಕರಗಾಲಲ್ಲಿ ಕೂರಲು ಬಿಡುವ ಒಂದು ಕಾಲುಕವಚ ಮಾಡಿದವರ ಸುದ್ದಿ ಇಲಿಯ ಬೆನ್ನಿನ ಸುದ್ದಿಗಿಂತ ದೊಡ್ಡಕ್ಷರದಲ್ಲಿ ಬರಬೇಕು.

ಪಟ್ಟಿಗಳಲ್ಲೂ ಒಂದು ಪರೀಕ್ಷೆಯಲ್ಲಿ ನಿಂತು ಬಂದದ್ದಿದೆ, ಅದರ ಕಥೆ ಸ್ವಾರಸ್ಯವಾಗಿದೆ. ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತು ಲೇಪಿಸಿದ ಪಟ್ಟಿಯನ್ನು ಯುರೋಪಿನಲ್ಲಿ ನರವೂ ರಕ್ತನಾಳವೂ ಕೆಟ್ಟ ಪಾದಗಳಿದ್ದ 240 ಮಧುಮೇಹಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಇಪ್ಪತ್ತು ವಾರಗಳಲ್ಲಿ ಅದರಿಂದ ಶೇ. 48 ಹುಣ್ಣುಗಳು ಮುಚ್ಚಿದವು, ಲೇಪವಿಲ್ಲದ ಅದೇ ಪಟ್ಟಿಯಿಂದ ಶೇ. 30. ಈ ಲೇಪಕ್ಕೆ ಕಂಪನಿ ಇಟ್ಟ ಹೆಸರಿನಲ್ಲೂ ನ್ಯಾನೋ ಇದೆ. ಬೆಳ್ಳಿಯ ಕಣಗಳಂಥ ನ್ಯಾನೋ ವಸ್ತು ಅದಲ್ಲ, ಸಕ್ಕರೆಯಿಂದ ಮಾಡಿದ ಒಂದು ಸಣ್ಣ ಅಣು. ಸಕ್ಕರೆ ಕಾಯಿಲೆಯ ಹುಣ್ಣಿಗೆ ಸಕ್ಕರೆಯ ವಂಶದ್ದೇ ಮದ್ದು! ಎರಡೂ ಗುಂಪಿಗೆ ಭಾರ ಇಳಿಸುವ ಪಾದರಕ್ಷೆ ಮುಂತಾದ ಉಳಿದ ಆರೈಕೆ ಒಂದೇ ಸಮ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು. ಹೆಸರಲ್ಲಿ ನ್ಯಾನೋ ಇದ್ದದ್ದಕ್ಕೆ ಅದನ್ನು ನಂಬಬೇಕಿಲ್ಲ, ತಳ್ಳಬೇಕಿಲ್ಲ. ಮನುಷ್ಯರ ಮೇಲೆ, ಹೋಲಿಕೆಯ ಗುಂಪಿಟ್ಟುಕೊಂಡು, ಹುಣ್ಣು ಮುಚ್ಚಿತೋ ಇಲ್ಲವೋ ಎಂದು ಎಣಿಸಿದ್ದಾರೆ, ಅಷ್ಟು ಸಾಕು.

ಸುಟ್ಟಗಾಯಗಳ ವಾರ್ಡಿನಲ್ಲಿ ನ್ಯಾನೋ ಬೆಳ್ಳಿಗೆ ಹೆಚ್ಚು ನ್ಯಾಯವಾದ ಜಾಗವಿದೆ. ಬಿಳಿ ಮುಲಾಮನ್ನು ದಿನಕ್ಕೊಂದೆರಡು ಸಲ ತೊಳೆದು ಮತ್ತೆ ಹಚ್ಚಬೇಕು. ಬೆಳ್ಳಿಯ ಪಟ್ಟಿಯನ್ನು ಮೂರು ದಿನ, ಕೆಲವನ್ನು ಏಳು ದಿನ ಬಿಡಬಹುದು. ಸುಟ್ಟ ಮಗುವಿನ ಪಟ್ಟಿ ಬಿಚ್ಚುವ ಹೊತ್ತಿಗೆ ವಾರ್ಡಿನಾಚೆ ನಿಂತವರಿಗೆ ಆ ಎರಡು ದಿನಗಳ ಬೆಲೆ ಗೊತ್ತು. ಆದರೆ ಬಳಸುವ ಕ್ರಮವೂ ಗೊತ್ತಿರಬೇಕು. ಆ್ಯಕ್ಟಿಕೋಟ್ ಪಟ್ಟಿಯನ್ನು ಬರಿಯ ಶುದ್ಧ ನೀರಿನಲ್ಲಿ ನೆನೆಸಬೇಕು. ಕೈಗೆ ಸಿಗುವ ಸಲೈನ್ ಸುರಿದರೆ ಅದರ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಕೂರಿಸಿಬಿಡುತ್ತದೆ, ದುಬಾರಿ ಪಟ್ಟಿ ಅರ್ಧ ಸತ್ತಂತೆ. ಅಪಾಯವೂ ಇಲ್ಲದಿಲ್ಲ. 2006ರಲ್ಲಿ ಆಸ್ಟ್ರಿಯಾದ ವೈದ್ಯರು ಮೈಯ ಶೇ. 30 ಸುಟ್ಟಿದ್ದ ಹದಿನೇಳರ ಹುಡುಗನೊಬ್ಬನ ಮುಖ ಬೂದುಬಣ್ಣಕ್ಕೆ ತಿರುಗಿ, ಯಕೃತ್ತಿನ ಪರೀಕ್ಷೆಗಳು ಏರುಪೇರಾದದ್ದನ್ನು ವರದಿ ಮಾಡಿದರು. ಪಟ್ಟಿ ತೆಗೆದ ಮೇಲೆ ಸರಿಹೋಯಿತು. ಬೆಳ್ಳಿಗೆ ಬಗ್ಗದ ಬ್ಯಾಕ್ಟೀರಿಯಾವೂ ಉಂಟು. 1970ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಿಲ್ವರ್ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲಾ ಹಬ್ಬಿ ಸುಟ್ಟಗಾಯದ ವಾರ್ಡನ್ನೇ ಮುಚ್ಚಬೇಕಾಗಿತ್ತು. ಈಗ ಕಾಲುಚೀಲ, ಬನಿಯನ್ನು, ಬಟ್ಟೆ ಒಗೆಯುವ ಯಂತ್ರಕ್ಕೂ ನ್ಯಾನೋ ಬೆಳ್ಳಿ ಸವರಿ ಮಾರುತ್ತಿದ್ದಾರೆ. ನಿಜವಾಗಿ ಬೇಕಾದ ವಾರ್ಡಿನಲ್ಲಿ ಅದು ಕೆಲಸಕ್ಕೆ ಬಾರದಂತಾದರೆ ಆ ಕಾಲುಚೀಲದ ನಗುವಿಗೆ ಏನು ಬೆಲೆ?

ಮುಂಬೈಯ ವೈದ್ಯರು ಇದೇ ವಾರ್ಡುಗಳಿಗೆ ಬೇರೆ ದಾರಿ ಹುಡುಕಿದ್ದರು. 1985ರಲ್ಲಿ ಮನೋಹರ ಕೇಸ್ವಾನಿ ಆಲೂಗಡ್ಡೆಯ ಸಿಪ್ಪೆಯನ್ನು ಬೇಯಿಸಿ, ಗಾಜ್ ಬಟ್ಟೆಗೆ ಅಂಟಿಸಿ, ಸುಟ್ಟಗಾಯಕ್ಕೆ ಕಟ್ಟಿದ ಬಗ್ಗೆ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಸಯಾನ್ ಆಸ್ಪತ್ರೆಯ ಮಾಧುರಿ ಗೋರೆ 2003ರಲ್ಲಿ ಬಾಳೆ ಎಲೆಯ ಪಟ್ಟಿಯನ್ನು ಪರೀಕ್ಷಿಸಿದರು. ಅಂಟಿಕೊಳ್ಳದ ನುಣುಪು ಎಲೆ, ಬಿಚ್ಚುವಾಗ ನೋವು ಕಡಿಮೆ, ಆಲೂಗಡ್ಡೆ ಸಿಪ್ಪೆಯಷ್ಟೇ ಗುಣ, ಅದಕ್ಕಿಂತ ಅಗ್ಗ, ಮಾಡಲು ಸುಲಭ. ಊಟದ ಎಲೆ ಗೊತ್ತಿರುವ ಯಾರಿಗಾದರೂ ಇದು ಹೊಳೆಯಬಹುದಿತ್ತು ಎನಿಸುತ್ತದೆ; ಅದನ್ನು ಅಳೆದು ತೋರಿಸುವ ತಾಳ್ಮೆ ಮಾತ್ರ ಎಲ್ಲರಿಗೂ ಇರುವುದಿಲ್ಲ. ಇದು ಹಳೆಯದೇ ಒಳ್ಳೆಯದು ಎಂಬ ವಾದವಲ್ಲ. ಬಾಳೆ ಎಲೆಯನ್ನೂ ಅವರು ನಂಬಿ ಬಿಡಲಿಲ್ಲ, ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದರು.

ಭಾರತ ಸರ್ಕಾರ 2007ರಲ್ಲಿ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೋ ಮಿಷನ್ ಆರಂಭಿಸಿತು. ಬೆಂಗಳೂರಿನ ಸಿ.ಎನ್.ಆರ್. ರಾವ್ ಅದರ ಮುಂಚೂಣಿಯಲ್ಲಿದ್ದರು, ಅದರಿಂದ ದೇಶದಲ್ಲಿ ಒಳ್ಳೆಯ ಪ್ರಯೋಗಾಲಯಗಳೂ ಬೆಳೆದವು. ಆ ಹಣ ದಂಡವಾಯಿತು ಎನ್ನುವುದು ಸುಳ್ಳು ಮಾತು. ಆದರೆ ಐ.ಸಿ.ಎಂ.ಆರ್. ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಮಧುಮೇಹಿಗಳಲ್ಲಿ ಸುಮಾರು ಐವರಿಗೊಬ್ಬರಿಂದ ಮೂವರಿಗೊಬ್ಬರವರೆಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಬರುತ್ತದೆ, ಮಾಯ್ದ ಹುಣ್ಣು ಒಂದೇ ವರ್ಷದಲ್ಲಿ ಶೇ. 40 ಜನರಿಗೆ ಮರಳುತ್ತದೆ ಎಂಬುದು ಪಾದರೋಗ ತಜ್ಞರ ಅಂದಾಜು. ಈ ಜನರ ಹೆಸರು ಹೇಳಿ ಸಂಶೋಧನೆಗೆ ಹಣ ಕೇಳುವ ಪ್ರತಿ ಅರ್ಜಿಯೂ ಒಂದು ಪ್ರಶ್ನೆಗೆ ಉತ್ತರಿಸಲೇಬೇಕು: ಭಾರ ಇಳಿಸಿದ ಕಾಲಿನ ಮೇಲೆ ಈ ಹೊಸ ಪಟ್ಟಿ, ಭಾರ ಇಳಿಸಿದ ಕಾಲಿನ ಮೇಲೆ ಮಾಮೂಲಿ ಪಟ್ಟಿಗಿಂತ ಹೆಚ್ಚೇನು ಮಾಡುತ್ತದೆ? ಹೋಲಿಕೆ ಹಾಗಿಲ್ಲದಿದ್ದರೆ ಅದು ಕಾಲಿನ ಸಂಶೋಧನೆಯಲ್ಲ, ಕಣದ ಸಂಶೋಧನೆ. ಅದಕ್ಕೂ ಹಣ ಕೊಡಲಿ, ಬೇರೆ ಹೆಸರಿನಲ್ಲಿ ಕೊಡಲಿ.

ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೂ ಚಿಕ್ಕದು. ಪಟ್ಟಿ ಯಾವುದು ಎಂದು ಕೇಳುವ ಮೊದಲು, ‘ಡಾಕ್ಟ್ರೇ, ಅಪ್ಪ ಈ ಕಾಲು ಊರದ ಹಾಗೆ ಏನು ಮಾಡೋದು? ಪ್ಲಾಸ್ಟರ್ ಹಾಕ್ತೀರಾ? ಕಾಲಿಗೆ ರಕ್ತ ಸರಿಯಾಗಿ ಬರ್ತಾ ಇದೆಯಾ ನೋಡಿದ್ರಾ?’ ಎಂದು ಕೇಳಬಹುದು. ಹುಣ್ಣು ಮಾಯ್ದ ಮೇಲೆ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ, ಕುಷ್ಠ ನಿವಾರಣಾ ಕಾರ್ಯಕ್ರಮದಲ್ಲಿ ಸರ್ಕಾರ ಹಂಚುತ್ತ ಬಂದಿರುವಂಥದ್ದೇ, ಮನೆಯೊಳಗೂ ಹಾಕಿಕೊಳ್ಳಲೆಂದು ಬೇರೆಯೇ ಒಂದು ಜೊತೆ. ಅತ್ತೆಮ್ಮ ದೇವರ ಮನೆಯ ಬಾಗಿಲಲ್ಲಿ ಗೊಣಗಿಯಾರು, ಗೊಣಗಲಿ. ಕನ್ನಡಿಯ ವಿಷಯದಲ್ಲೂ ಒಂದು ತೊಡಕಿದೆ: ಸಕ್ಕರೆ ಕಾಯಿಲೆ ಪಾದದ ನರವನ್ನು ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಕಣ್ಣನ್ನೂ ಮುಟ್ಟಿರುತ್ತದೆ, ಹೊಟ್ಟೆ ಬಗ್ಗಲು ಬಿಡುವುದಿಲ್ಲ. ಕನ್ನಡಿ ಹಿಡಿದರೂ ಅವರಿಗೆ ಕಾಣುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರ ಪಾದ ಮುಟ್ಟುವವರು ಮುಟ್ಟುವುದು ಮೇಲ್ಭಾಗವನ್ನು. ಈ ಸಲ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಮಡಿಲಿಗೆತ್ತಿಕೊಂಡು, ಟ್ಯೂಬ್‌ಲೈಟಿನ ಬೆಳಕಿಗೆ ಅಂಗಾಲನ್ನೂ ಬೆರಳ ಸಂದಿಗಳನ್ನೂ ಒಮ್ಮೆ ನೋಡಬಹುದು. ಎರಡು ನಿಮಿಷದ ಕೆಲಸ. ಸಂಕೋಚದಿಂದ ಅವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ, ಬಿಡಬಾರದು.